ಎರಡು ಎಕರೆ ಶೇಂಗಾ: ಬೀಜದ ಚೀಲದಿಂದ ಎಣ್ಣೆ ಕ್ಯಾನಿನವರೆಗೆ

ನಮ್ಮದು ಚಳ್ಳಕೆರೆ ಕಡೆಯ ಕೆಂಪು ನೆಲ. ವರ್ಷಕ್ಕೆ 500 ಮಿ.ಮೀ. ಮಳೆ ಬಂದರೆ ಅದೇ ಒಳ್ಳೆಯ ವರ್ಷ. ಮಿಲ್ಲುಗಳು ಜಾಸ್ತಿ ಇದ್ದುದರಿಂದ ಚಳ್ಳಕೆರೆಗೆ ಎಣ್ಣೆ ನಗರ ಅನ್ನುವ ಹೆಸರು ಬಿತ್ತು. ತಮಾಷೆ ಏನೆಂದರೆ, ಆ ಮಿಲ್ಲುಗಳಿಗೆ ಶೇಂಗಾ ಹಾಕಿ ಬಂದವರ ಅಡುಗೆ ಮನೆಯಲ್ಲೇ ಪಾಮ್ ಎಣ್ಣೆ ಪ್ಯಾಕೆಟ್ ಇರುತ್ತದೆ. ನಮ್ಮ ಮನೆಯಲ್ಲೂ ಬಹಳ ವರ್ಷ ಇತ್ತು. ದೇಶದಲ್ಲಿ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದಲೇ ಬರುತ್ತದೆ ಅಂದಾಗ ನಮಗೇನೂ ಆಶ್ಚರ್ಯವಾಗಲಿಲ್ಲ.

ಎಣ್ಣೆಕಾಳು ಬೆಳೆಸಿ ಎಂದು ಸರ್ಕಾರ ಹೇಳುತ್ತಲೇ ಇದೆ. 1986ರಲ್ಲಿ ಒಂದು ಮಿಷನ್ ಬಂತು. 2024ರ ಅಕ್ಟೋಬರ್‌ನಲ್ಲಿ 10,103 ಕೋಟಿ ರೂಪಾಯಿಯ ಇನ್ನೊಂದು ಮಿಷನ್‌ಗೆ ಒಪ್ಪಿಗೆ ಸಿಕ್ಕಿತು. ಅದರ ಗುರಿಗಳೆಲ್ಲ ಟನ್ ಲೆಕ್ಕದಲ್ಲಿವೆ. ಎರಡು ಎಕರೆಯವನ ಲೆಕ್ಕವೇ ಬೇರೆ. ಎಲ್ಲರೂ ಇಳುವರಿ ಎಷ್ಟು ಎಂದು ಕೇಳುತ್ತಾರೆ. ನನ್ನ ಅನುಭವದಲ್ಲಿ ಸಣ್ಣ ಹಿಡುವಳಿಯವರ ದುಡ್ಡು ಸೋರುವುದು ಬೇರೆ ಎರಡು ಕಡೆ. ಒಂದು, ಜೂನ್‌ನಲ್ಲಿ ಬೀಜ ಕೊಳ್ಳುವಾಗ. ಇನ್ನೊಂದು, ಗಿಡ ಕಿತ್ತ ಮೇಲಿನ ಹದಿನೈದು ದಿನ. ಹಾಗಾಗಿ ಇಲ್ಲಿ ಆ ಎರಡರ ಬಗ್ಗೆ ಜಾಸ್ತಿ ಬರೆಯುತ್ತೇನೆ. ನಡುವಿನದು ನಿಮಗೇ ಗೊತ್ತಿರುತ್ತದೆ.

ಮೊದಲು ನೆಲ ನೋಡಿ

ಶೇಂಗಾಕ್ಕೆ ಸಡಿಲ ಮಣ್ಣು ಬೇಕು. ಕಾಯಿ ಕಟ್ಟುವುದು ಮಣ್ಣೊಳಗೆ, ಕೀಳುವುದೂ ಮಣ್ಣಿನಿಂದ. ಕೆಂಪು ಮರಳು ಮಿಶ್ರಿತ ನೆಲವಾದರೆ ಹೇಳಿ ಮಾಡಿಸಿದ ಹಾಗೆ. ಎರೆಮಣ್ಣಿನಲ್ಲೂ ಬೆಳೆಯುವವರಿದ್ದಾರೆ. ಆದರೆ ಕೀಳುವ ಹೊತ್ತಿಗೆ ನೆಲ ಒಣಗಿದರೆ ಗಿಡ ಕೈಗೆ ಬರುತ್ತದೆ, ಕಾಯಿ ಒಳಗೇ ಉಳಿಯುತ್ತದೆ.

ನಿಮ್ಮದು ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆ ಹೊಲವೇ? ಹಿಂಗಾರಿಗೆ ಕುಸುಬೆ ಯೋಚಿಸಿ. ಅದರ ಬೇರು ಆಳಕ್ಕೆ ಇಳಿದು ಮಣ್ಣಲ್ಲಿ ಉಳಿದ ತೇವದಲ್ಲೇ ಬದುಕುತ್ತದೆ. ಎಕರೆಗೆ ನಾಲ್ಕು ಕಿಲೋ ಬೀಜ ಸಾಕು. ಮುಳ್ಳಿರುವುದರಿಂದ ದನ ಬಾಯಿ ಹಾಕುವುದಿಲ್ಲ. ಉತ್ತರೆ, ಹಸ್ತ ಮಳೆಯ ಆಸುಪಾಸಿನಲ್ಲೇ ಬಿತ್ತಬೇಕು, ತಡವಾದರೆ ಸಸ್ಯಹೇನಿನ ಕಾಟ. ಮುಳ್ಳಿಗೆ ಹೆದರಿ ಕೊಯ್ಲಿಗೆ ಆಳು ಬರುವುದಿಲ್ಲ ಎಂಬ ದೂರು ಹಳೆಯದು. ಅದಕ್ಕೆ ಮುಳ್ಳಿಲ್ಲದ ತಳಿಗಳೂ ಬಂದಿವೆ.

ಬೋರ್‌ವೆಲ್ ನೀರು ಇದ್ದರೆ ಸೂರ್ಯಕಾಂತಿ. ಬೀಜ ಎಕರೆಗೆ ಎರಡು ಕಿಲೋ, ಆದರೆ ಹೈಬ್ರಿಡ್ ಆದ್ದರಿಂದ ಪ್ರತಿ ಸಲ ಕೊಳ್ಳಲೇಬೇಕು. ಜೇನುಹುಳ ಬರದಿದ್ದರೆ ತೆನೆಯಲ್ಲಿ ಜೊಳ್ಳು ಜಾಸ್ತಿ, ಹಾಗಾಗಿ ಹೂವಿನ ಸಮಯದಲ್ಲಿ ಬೆಳಿಗ್ಗೆ ಔಷಧಿ ಹೊಡೆಯಬೇಡಿ. ಹೊಲ ಊರಿಗೆ ದೂರ ಇದ್ದರೆ ಗಿಳಿಗಳಿಗೇ ಅರ್ಧ ಪಾಲು.

ಆಗಸ್ಟ್ ಬಂದರೂ ಮಳೆ ಕೈಕೊಟ್ಟಿತಾ? ಆಗ ಶೇಂಗಾ ಬಿತ್ತುವ ಹಟ ಬಿಡಿ. ಹುಚ್ಚೆಳ್ಳು ಹಾಕಿ, ಉತ್ತರ ಕರ್ನಾಟಕದವರು ಗುರೆಳ್ಳು ಅಂತಾರಲ್ಲ, ಅದೇ. ಎಕರೆಗೆ ಎರಡು ಕಿಲೋ ಬೀಜ, ಗೊಬ್ಬರದ ಗೋಜು ಕಡಿಮೆ. 2025-26ಕ್ಕೆ ಹುಚ್ಚೆಳ್ಳಿನ ಬೆಂಬಲ ಬೆಲೆ ಕ್ವಿಂಟಲಿಗೆ 9,537 ರೂಪಾಯಿ ಇತ್ತು. ಶೇಂಗಾದ್ದು 7,263. ಇಳುವರಿ ಕಡಿಮೆ ನಿಜ, ಆದರೆ ಖರ್ಚೂ ಇಲ್ಲ ಅಲ್ವಾ?

ಬೀಜದ ಲೆಕ್ಕ

ಇಲ್ಲಿಂದ ಶೇಂಗಾ ಒಂದನ್ನೇ ಹಿಡಿದು ಹೋಗೋಣ.

ಸಾಲಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಇಟ್ಟರೆ ಎಕರೆಗೆ ಸುಮಾರು 1 ಲಕ್ಷ 35 ಸಾವಿರ ಗಿಡ. ನೂರು ಬೀಜ 35 ಗ್ರಾಂ ತೂಗಿದರೆ 47 ಕಿಲೋ ಬೀಜ ಬೇಕು. ಸುಲಿಯದ ಕಾಯಿಯ ಲೆಕ್ಕದಲ್ಲಿ ಇದು 67ರಿಂದ 70 ಕಿಲೋ. ಮಳೆಯಾಶ್ರಯದಲ್ಲಿ ಎಕರೆಗೆ ಐದು ಕ್ವಿಂಟಲ್ ಬಂತು ಅಂದುಕೊಳ್ಳಿ. ಅದರಲ್ಲಿ ಏಳನೇ ಒಂದು ಪಾಲು ಮುಂದಿನ ವರ್ಷದ ಬೀಜಕ್ಕೇ ಹೋಯಿತು! ಎಳ್ಳಿಗೆ ಎಕರೆಗೆ ಒಂದು ಕಿಲೋ ಬೀಜ ಸಾಕು. ಶೇಂಗಾಕ್ಕೆ ಅದರ ಐವತ್ತು ಪಟ್ಟು. ಈ ಬೆಳೆಯಲ್ಲಿ ಬೀಜದ ಖರ್ಚು ಬೆನ್ನು ಮುರಿಯುವುದು ಇದಕ್ಕೇ.

ಇದಕ್ಕೆ ಮದ್ದು ಮನೆ ಬೀಜ. ಶೇಂಗಾ ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವ ಗಿಡ. ತಳಿ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಒಮ್ಮೆ ಒಳ್ಳೆಯ ಪ್ರಮಾಣಿತ ಬೀಜ ತಂದರೆ ಮೂರು ವರ್ಷ ಧಾರಾಳವಾಗಿ ಬಿತ್ತಬಹುದು.

ನಾನು ಮಾಡುವುದು ಹೀಗೆ. ಹೊಲದಲ್ಲಿ ಬೆಳೆ ನಿಂತಿರುವಾಗಲೇ ಚೆನ್ನಾಗಿರುವ ಹತ್ತು ಗುಂಟೆ ಜಾಗ ಗುರುತು ಮಾಡುತ್ತೇನೆ. ಬೇರೆ ತರಹದ ಗಿಡ, ರೋಗದ ಗಿಡ ಕಂಡರೆ ಕಿತ್ತು ಬಿಸಾಕುತ್ತೇನೆ. ಆ ಜಾಗದ ಕಾಯನ್ನು ಬೇರೆಯಾಗಿಯೇ ಕಿತ್ತು, ನೆರಳಿನಲ್ಲಿ ಒಣಗಿಸಿ, ಕಾಯಿಯಾಗಿಯೇ ಗೋಣಿಚೀಲದಲ್ಲಿ ಕಟ್ಟುತ್ತೇನೆ. ಚೀಲವನ್ನು ಬರಿ ನೆಲದ ಮೇಲೆ ಇಡುವುದಿಲ್ಲ, ಕೆಳಗೆ ಹಲಗೆ ಇರಬೇಕು. ಗೋಡೆಗೂ ತಾಗಿಸಬಾರದು. ಪಕ್ಕದಲ್ಲಿ ಯೂರಿಯಾ ಚೀಲ ಅಂತೂ ಬೇಡವೇ ಬೇಡ. ಹತ್ತು ಗುಂಟೆಯಲ್ಲಿ ಒಂದೂಕಾಲು ಕ್ವಿಂಟಲ್ ಬಂದರೆ ಎರಡು ಎಕರೆಯ ಬೀಜ ಹೆಚ್ಚು ಕಡಿಮೆ ಅಲ್ಲೇ ಮುಗಿಯಿತು.

ಸುಲಿಯುವುದು ಬಿತ್ತನೆಗೆ ವಾರ ಹತ್ತು ದಿನ ಇರುವಾಗ, ಕೈಯಲ್ಲೇ. ಮಷೀನ್‌ಗೆ ಹಾಕಿದರೆ ಕಾಳು ಒಡೆಯುತ್ತವೆ, ಸಿಪ್ಪೆ ಕೆರೆದು ಹೋಗುತ್ತದೆ. ಕೆಂಪು ಸಿಪ್ಪೆ ಹೋದ ಕಾಳು ಚಟ್ನಿಗೆ ಸರಿ, ಬಿತ್ತನೆಗೆ ಬೇಡ. ನಮ್ಮ ಮನೆಯಲ್ಲಿ ರಾತ್ರಿ ಊಟ ಮುಗಿಸಿ ಟಿವಿ ಮುಂದೆ ಕೂತು ಎಲ್ಲರೂ ಸುಲಿಯುತ್ತೇವೆ. ಸುಲಿದಷ್ಟೇ ತಿನ್ನುತ್ತಾರೆ ಕೂಡ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೊಳಕೆ ಪರೀಕ್ಷೆ ತಪ್ಪಿಸಬೇಡಿ. ನೂರು ಕಾಳು ಎಣಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಡಿ. ವಾರದಲ್ಲಿ ಎಷ್ಟು ಮೊಳೆತವು ನೋಡಿ. 70ಕ್ಕಿಂತ ಮೇಲೆ ಬಂದರೆ ಬಿತ್ತಿ. 60 ಬಂದರೆ ಬೀಜದ ಪ್ರಮಾಣ ಹೆಚ್ಚಿಸಬೇಕು. ಅದಕ್ಕೂ ಕೆಳಗಾದರೆ ಗಾಣಕ್ಕೆ ಹಾಕಿ, ಬೇರೆ ಬೀಜ ಹುಡುಕಿ. ಒಂದು ವರ್ಷ ಈ ಪರೀಕ್ಷೆ ಮಾಡದೆ ಹೊರಗಿನಿಂದ ತಂದ ಬೀಜ ಸುಮ್ನೆ ನಂಬಿ ಬಿತ್ತಿದೆ. ಸಾಲಿನಲ್ಲಿ ಅರ್ಧಕ್ಕರ್ಧ ಖಾಲಿ. ಗೋಣಿ ಮನೆಯಲ್ಲೇ ಇತ್ತು, ನೀರೂ ಇತ್ತು. ಯಾರನ್ನು ಬೈಯಲಿ?

ತಳಿ ಯಾವುದು? ಟಿಎಂವಿ-2 ನಮ್ಮ ಕಡೆ ಅಜ್ಜನ ಕಾಲದಿಂದ ಇದೆ. ಕಾಯಿ ಚೆಂದ, ವ್ಯಾಪಾರಿಗಳಿಗೂ ಇಷ್ಟ, ಆದರೆ ಎಲೆಚುಕ್ಕೆ ಬಂದರೆ ತಡೆಯುವುದಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತುಕ್ಕು ಮತ್ತು ಎಲೆಚುಕ್ಕೆ ರೋಗ ತಡೆಯುತ್ತದೆ, ಔಷಧಿ ಖರ್ಚು ಉಳಿಯುತ್ತದೆ. ಆಂಧ್ರದ ಕದಿರಿ ಕೇಂದ್ರದಿಂದ ಬಂದ ಕೆ-6, ಕದಿರಿ ಲೇಪಾಕ್ಷಿ ಗಡಿ ತಾಲೂಕುಗಳಲ್ಲಿ ಓಡಾಡುತ್ತಿವೆ. ಲೇಪಾಕ್ಷಿಯಲ್ಲಿ ಕಾಯಿ ರಾಶಿ ರಾಶಿ ಬರುತ್ತದೆ ಎಂಬ ಮಾತಿಗೆ ಎಲ್ಲರೂ ಅದರ ಹಿಂದೆ ಬಿದ್ದರು. ಮೊದಲ ವರ್ಷ ಅರ್ಧ ಎಕರೆ ಹಾಕಿ ನೋಡಿ. ನಿಮ್ಮ ಮಾರುಕಟ್ಟೆಯಲ್ಲಿ ಆ ಕಾಯಿಗೆ ಏನು ದರ ಕಟ್ಟುತ್ತಾರೆ ಎಂದು ಬಿತ್ತುವ ಮೊದಲೇ ಕೇಳಿ.

ಬೀಜೋಪಚಾರ, ಬಿತ್ತನೆ

ಬುಡಕೊಳೆ ರೋಗ ಕಂಡ ಹೊಲದಲ್ಲಿ ಮತ್ತೆ ಶೇಂಗಾ ಹಾಕಬೇಡಿ. ಒಂದು ವರ್ಷ ರಾಗಿಯೋ ಜೋಳವೋ ಸಜ್ಜೆಯೋ ಬೆಳೆದು ಬನ್ನಿ.

ಬೀಜಕ್ಕೆ ಕಿಲೋಗೆ 4 ಗ್ರಾಂ ಟ್ರೈಕೋಡರ್ಮ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ) ಹಚ್ಚಿದರೆ ಬುಡಕೊಳೆ ಬಹಳ ಮಟ್ಟಿಗೆ ಹಿಡಿತಕ್ಕೆ ಬರುತ್ತದೆ. ಜೊತೆಗೆ ರೈಜೋಬಿಯಂ, ಅಂದರೆ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಜೀವಾಣು. ರಾಸಾಯನಿಕ ಶಿಲೀಂಧ್ರನಾಶಕ ಹಚ್ಚುವವರಾದರೆ ಅದು ಮೊದಲು, ಕೀಟನಾಶಕ ನಂತರ, ರೈಜೋಬಿಯಂ ಕೊನೆಗೆ. ತಿರುಗುಮುರುಗು ಮಾಡಿದರೆ ಜೀವಾಣು ಸತ್ತು ಹೋಗುತ್ತದೆ. ಬೆಲ್ಲದ ನೀರು ಚಿಮುಕಿಸಿ, ಪುಡಿ ಹಾಕಿ, ಮೆಲ್ಲಗೆ ಹೊರಳಿಸಿ, ನೆರಳಲ್ಲಿ ಆರಲು ಬಿಡಿ. ಜೋರಾಗಿ ಉಜ್ಜಿದರೆ ಸಿಪ್ಪೆ ಏಳುತ್ತದೆ.

ಮೃಗಶಿರ, ಆರಿದ್ರಾ ಮಳೆಗೆ ಬಿತ್ತಿದರೆ ಉತ್ತಮ. ಜುಲೈ ದಾಟಿಸಬೇಡಿ. ನೆಲ ಚೆನ್ನಾಗಿ ಹದ ಆದ ಮೇಲೆ ಕೂರಿಗೆಯಲ್ಲಿ ಎರಡು ಇಂಚು ಆಳಕ್ಕೆ. ಎಂಟು ಹತ್ತು ಸಾಲಿಗೊಂದು ತೊಗರಿ ಅಕ್ಕಡಿ ಸಾಲು ಬಿಡಿ. ಶೇಂಗಾ ಕೈಕೊಟ್ಟ ವರ್ಷ ಮನೆಯ ಬೇಳೆ ಅಲ್ಲಿಂದ ಬರುತ್ತದೆ. ಬದುವಿಗೆ ಹರಳು ಹಾಕುವುದು ಹಳಬರ ಪದ್ಧತಿ. ಎಲೆ ತಿನ್ನುವ ಹುಳದ ಪತಂಗ ಮೊದಲು ಹರಳಿನ ಎಲೆಯಲ್ಲೇ ಮೊಟ್ಟೆ ಇಡುತ್ತದೆ, ಆ ಎಲೆ ಕಿತ್ತು ಸುಟ್ಟರೆ ಅರ್ಧ ಕೆಲಸ ಮುಗಿಯಿತು.

ಗೊಬ್ಬರದಲ್ಲಿ ಒಂದು ಮಾತು: ಜಿಪ್ಸಂ

ಕೊಟ್ಟಿಗೆ ಗೊಬ್ಬರ ಎಕರೆಗೆ ಮೂರು ಟನ್ ಸಿಕ್ಕರೆ ಪುಣ್ಯ. ಸಿಕ್ಕಷ್ಟು ಹಾಕಿ. ಮಳೆಯಾಶ್ರಯಕ್ಕೆ ಎಕರೆಗೆ ಸುಮಾರು 10 ಕಿಲೋ ಸಾರಜನಕ, 20 ಕಿಲೋ ರಂಜಕ, 10 ಕಿಲೋ ಪೊಟ್ಯಾಷ್ ಸಾಕು. ಮಣ್ಣು ಪರೀಕ್ಷೆ ಚೀಟಿ ಇದ್ದರೆ ಅದರ ಪ್ರಕಾರ ನಡೆಯಿರಿ.

ಎಲ್ಲರೂ ಡಿಎಪಿ ಡಿಎಪಿ ಎಂದು ಅಂಗಡಿ ಮುಂದೆ ನಿಲ್ಲುತ್ತಾರೆ. ಶೇಂಗಾಕ್ಕೆ ಸಿಂಗಲ್ ಸೂಪರ್ ಫಾಸ್ಫೇಟ್ ಒಳ್ಳೆಯದು. ಎರಡೂವರೆ ಚೀಲದಲ್ಲಿ ಆ 20 ಕಿಲೋ ರಂಜಕ ಸಿಗುತ್ತದೆ, ಜೊತೆಗೆ ಸುಣ್ಣದ ಅಂಶ ಮತ್ತು ಗಂಧಕ. ಕಾಳಿನಲ್ಲಿ ಎಣ್ಣೆ ತುಂಬಲು ಗಂಧಕ ಬೇಕೇ ಬೇಕು. ಡಿಎಪಿಯಲ್ಲಿ ಇವೆರಡೂ ಇಲ್ಲ.

ಇನ್ನು ಜಿಪ್ಸಂ. ಸುಣ್ಣದ ಅಂಶ (ಕ್ಯಾಲ್ಸಿಯಂ), ಗಂಧಕ ಎರಡೂ ಇರುವ ಪುಡಿ ಇದು. ಬೇರೆ ಬೆಳೆಗಳಲ್ಲಿ ಸುಣ್ಣದ ಅಂಶ ಬೇರಿನಿಂದ ಮೇಲೇರಿ ಕಾಯಿಗೆ ಸೇರುತ್ತದೆ. ಶೇಂಗಾದಲ್ಲಿ ಹಾಗಾಗುವುದಿಲ್ಲ. ಮಣ್ಣೊಳಗಿರುವ ಕಾಯಿ ತನ್ನ ಸುತ್ತಲಿನ ಮಣ್ಣಿನಿಂದ ತಾನೇ ಹೀರಿಕೊಳ್ಳಬೇಕು. ಅಲ್ಲಿ ಸುಣ್ಣದ ಅಂಶ ಇಲ್ಲದಿದ್ದರೆ ಕಾಯಿ ದೊಡ್ಡದಾಗಿ ಕಾಣುತ್ತದೆ, ಒಡೆದರೆ ಒಳಗೆ ಜೊಳ್ಳು. ಹಾಗಾಗಿ ಎಕರೆಗೆ 200 ಕಿಲೋ ಜಿಪ್ಸಂ, ಬಿತ್ತಿದ 30ರಿಂದ 35 ದಿನಕ್ಕೆ, ಹೂವಿನಿಂದ ಸೂಜಿ (ಮಣ್ಣಿಗೆ ಇಳಿದು ತುದಿಯಲ್ಲಿ ಕಾಯಿ ಕಟ್ಟುವ ಎಳೆ) ಇಳಿಯುವ ಹೊತ್ತಿಗೆ, ಗಿಡದ ಬುಡಕ್ಕೆ ಹಾಕಿ ಎಡೆಕುಂಟೆ ಹೊಡೆದು ಮಣ್ಣು ಏರಿಸಿ. ನೆಲದಲ್ಲಿ ತೇವ ಇರಬೇಕು. ಔಷಧಿ ಅಂಗಡಿಯಲ್ಲಿ ಸಾವಿರಾರು ರೂಪಾಯಿಯ ಟಾನಿಕ್ ಬಾಟಲಿ ಕೊಳ್ಳುವವರು ಇದೊಂದನ್ನು ಬಿಟ್ಟುಬಿಡುತ್ತಾರೆ, ನನಗೆ ಅದೇ ಅರ್ಥವಾಗುವುದಿಲ್ಲ.

45 ದಿನ ಆದ ಮೇಲೆ ಎಡೆಕುಂಟೆ ಸಾಲಿನೊಳಗೆ ಇಳಿಸಬೇಡಿ. ಇಳಿದ ಸೂಜಿಗಳು ಕಿತ್ತು ಬರುತ್ತವೆ. ಕಳೆ ಕಂಡರೆ ಕೈಯಲ್ಲಿ ಕೀಳಿ. ಕೃಷಿ ಹೊಂಡದಲ್ಲಿ ನೀರಿದ್ದರೆ ಅದನ್ನು ಹೂವು-ಸೂಜಿ ಹಂತಕ್ಕೆ, ಕಾಯಿ ತುಂಬುವ ಹಂತಕ್ಕೆ ಕಾದಿಡಿ. ಎಳೆ ಗಿಡ ಬಾಡಿದರೆ ಗಾಬರಿ ಬೇಡ, ಅದು ತಡೆದುಕೊಳ್ಳುತ್ತದೆ.

ಹುಳು, ರೋಗ

ಮುಂಗಾರಿನ ಮೊದಲ ಜೋರು ಮಳೆಯಾದ ಎರಡು ಮೂರು ದಿನಕ್ಕೆ ಕೆಂಪು ಕಂಬಳಿಹುಳದ ಪತಂಗ ಏಳುತ್ತವೆ. ಆ ರಾತ್ರಿಗಳಲ್ಲಿ ಊರವರೆಲ್ಲ ಸೇರಿ ಹೊಲದ ಬದುವಿನಲ್ಲಿ ಬೆಂಕಿ ಹಾಕಿದರೆ ಅರ್ಧ ಕಡಿಮೆಯಾಗುತ್ತದೆ. ಒಬ್ಬರೇ ಮಾಡಿದರೆ ಉಪಯೋಗವಿಲ್ಲ, ಪಕ್ಕದ ಹೊಲದ ಹುಳು ಸಾಲಾಗಿ ನಡೆದು ಬರುತ್ತದೆ. ಅದಕ್ಕೆ ಬದುವಿನ ಪಕ್ಕ ಒಂದಡಿ ಆಳದ ಕಾಲುವೆ ತೋಡಿದರೆ ಅಲ್ಲೇ ಬಿದ್ದು ಸಿಗುತ್ತವೆ. ಗೊಣ್ಣೆ ಹುಳದ ದುಂಬಿಗಳು ಅದೇ ಸಮಯಕ್ಕೆ ಬೇವಿನ ಮರಕ್ಕೆ ಮುತ್ತುತ್ತವೆ. ಕತ್ತಲಾದ ಮೇಲೆ ಕೊಂಬೆ ಅಲ್ಲಾಡಿಸಿ, ಬಿದ್ದದ್ದನ್ನು ಸೀಮೆಎಣ್ಣೆ ನೀರಿಗೆ ಹಾಕಿ.

ಎಲೆಚುಕ್ಕೆ ಶುರುವಿನಲ್ಲೇ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್. ಮಿಕ್ಕದ್ದಕ್ಕೆ ಗಿಡವನ್ನೇ ಕಿತ್ತುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತೋರಿಸಿ. ಫೋನಿನಲ್ಲಿ ಬಾಯಿಮಾತಲ್ಲಿ ಹೇಳಿದರೆ ಎಲ್ಲ ರೋಗವೂ ಒಂದೇ ತರಹ ಕೇಳಿಸುತ್ತದೆ.

ಮಳೆ ಕಾಯುತ್ತಿರುವಾಗ ಮಾಡುವ ಕಾಗದದ ಕೆಲಸ

ಬೆಳೆ ವಿಮೆಗೆ ಮುಂಗಾರಿನ ಎಣ್ಣೆಕಾಳಿಗೆ ರೈತರ ಪಾಲು ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ಕೊನೆಯ ದಿನಾಂಕ ಬೆಳೆ ಬೆಳೆಗೆ ಬೇರೆ, ಮೊದಲೇ ವಿಚಾರಿಸಿ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್‌ಗೆ ಶೇಂಗಾ ಎಂದೇ ಬಿದ್ದಿದೆಯೇ ನೋಡಿ. ಅಕ್ಕಡಿ ತೊಗರಿಯ ಫೋಟೊ ತೆಗೆದು ಹೊಲವೆಲ್ಲ ತೊಗರಿ ಎಂದು ಬರೆದು ಹೋದರೆ ವಿಮೆಗೂ ತೊಂದರೆ, ಬೆಂಬಲ ಬೆಲೆಗೂ ತೊಂದರೆ. ಕಿತ್ತು ಹೊಲದಲ್ಲಿ ಒಣಗಲು ಬಿಟ್ಟ ಬೆಳೆ ಅಕಾಲಿಕ ಮಳೆಗೆ ಹಾಳಾದರೂ 14 ದಿನದವರೆಗೆ ವಿಮೆಯ ಅವಕಾಶ ಇದೆ, ಆದರೆ 72 ಗಂಟೆಯೊಳಗೆ ತಿಳಿಸಬೇಕು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಕಿತ್ತ ಮೇಲಿನ ಹದಿನೈದು ದಿನ

ಟಿಎಂವಿ-2ರಂಥ ಗೊಂಚಲು ತಳಿಗಳು ನೂರರಿಂದ ನೂರಹತ್ತು ದಿನಕ್ಕೆ ಬರುತ್ತವೆ. ದಿನ ಎಣಿಸಿ ಕೀಳಬೇಡಿ. ನಾಲ್ಕು ಕಡೆ ಒಂದೊಂದು ಗಿಡ ಕಿತ್ತು ಕಾಯಿ ಒಡೆದು ನೋಡಿ. ಸಿಪ್ಪೆಯ ಒಳಮೈ ಕಪ್ಪಾಗಿದ್ದರೆ ಬಲಿತಿದೆ, ಬೆಳ್ಳಗಿದ್ದರೆ ಎಳಸು. ಹತ್ತರಲ್ಲಿ ಏಳೆಂಟು ಕಪ್ಪಾದಾಗ ಶುರು ಮಾಡಿ. ತಡ ಮಾಡಿದರೂ ಕಷ್ಟ. ಈ ತಳಿಗಳ ಕಾಳಿಗೆ ಸುಪ್ತಾವಸ್ಥೆ ಇಲ್ಲ, ಒಂದು ಮಳೆ ಬಿದ್ದರೆ ಮಣ್ಣೊಳಗೇ ಮೊಳೆಯುತ್ತವೆ.

ಕಿತ್ತ ಗಿಡವನ್ನು ಕಾಯಿ ಮೇಲೆ ಬರುವ ಹಾಗೆ ಮಗುಚಿ ಸಾಲಾಗಿ ಹಾಕಿ. ಮೂರು ನಾಲ್ಕು ದಿನ ಬಿಡಿ. ಹಸಿ ಗಿಡವನ್ನೇ ಬಣವೆ ಒಟ್ಟಿ ಟಾರ್ಪಾಲ್ ಹೊದಿಸಿದರೆ ಒಳಗೆ ಬಿಸಿ ಏರಿ ಬೂಷ್ಟು ಹಿಡಿಯುತ್ತದೆ. ನಾನು ಒಂದು ವರ್ಷ ಮೋಡ ಕಂಡು ಗಾಬರಿಯಾಗಿ ಹೀಗೇ ಮಾಡಿದ್ದೆ. ಮಳೆ ಬರಲಿಲ್ಲ. ಬೂಷ್ಟು ಬಂತು.

ಬೂಷ್ಟಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಶೇಂಗಾದ ಮೇಲೆ ಬೆಳೆಯುವ ಹಸಿರು-ಹಳದಿ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಗಾಣದ ಎಣ್ಣೆಗೂ ಬರುತ್ತದೆ. ಹಿಂಡಿ ತಿಂದ ಹಸುವಿನ ಹಾಲಿಗೂ ಬರುತ್ತದೆ. ಹಾಗಾಗಿ ಬೂಷ್ಟು ಬಂದದ್ದು, ಹುಳು ಕೊರೆದದ್ದು, ಕೀಳುವಾಗ ಕುಂಟೆ ತಾಗಿ ಒಡೆದದ್ದು ಎಲ್ಲ ಬೇರೆ ಹಾಕಿ, ರಾಶಿಗೆ ಸೇರಿಸಬೇಡಿ. ಸುಲಿಯಲು ಸಲೀಸು ಆಗಲಿ ಎಂದು ಒಣ ಕಾಯಿಗೆ ನೀರು ಚಿಮುಕಿಸುವ ಅಭ್ಯಾಸವೂ ಇದಕ್ಕೆ ದಾರಿ.

ತೇವ ಶೇ. 8-9ಕ್ಕೆ ಇಳಿಯಬೇಕು. ಮೀಟರ್ ಇಲ್ಲದಿದ್ದರೆ ಕಿವಿ ಇದೆಯಲ್ಲ. ಕಾಯಿ ಅಲ್ಲಾಡಿಸಿದಾಗ ಒಳಗೆ ಗಲಗಲ ಅನ್ನಬೇಕು. ಕಾಳು ಬೆರಳಲ್ಲಿ ಉಜ್ಜಿದರೆ ಕೆಂಪು ಸಿಪ್ಪೆ ಉದುರಬೇಕು. ಬಳ್ಳಿ ಒಳ್ಳೆಯ ಮೇವು, ಅದನ್ನು ಮಳೆಗೆ ಬಿಡದೆ ಬಣವೆ ಒಟ್ಟಿ.

ಮಾರುವ ಮೊದಲು ಮನೆಯಲ್ಲೇ ತೂಗಿ

ಮಾರುಕಟ್ಟೆಯಲ್ಲಿ ವ್ಯಾಪಾರಿ ಒಂದು ಹಿಡಿ ಕಾಯಿ ತೆಗೆದು ಒಡೆದು ನೋಡುತ್ತಾನೆ. ಅವನು ನೋಡುವುದು ಎಷ್ಟು ಕಾಳು ಬೀಳುತ್ತದೆ ಎಂದು. ನೀವೂ ನೋಡಿ. ರಾಶಿಯ ಬೇರೆ ಬೇರೆ ಕಡೆಯಿಂದ ಒಂದು ಕಿಲೋ ತೆಗೆದು ಸುಲಿದು ತೂಗಿ. 700 ಗ್ರಾಂ ಬಂದರೆ ಮಾಲು ಚೆನ್ನಾಗಿದೆ. 620 ಬಂದರೆ ಜೊಳ್ಳು ಇದೆ, ತೂರಿ ಸ್ವಚ್ಛ ಮಾಡಿ. ಈ ಅಂಕಿ ಕೈಯಲ್ಲಿದ್ದರೆ ಮಾತಾಡುವ ಧೈರ್ಯ ಬರುತ್ತದೆ.

ದರ ಬೆಂಬಲ ಬೆಲೆಗಿಂತ ಕೆಳಗೆ ಇದ್ದರೆ ಖರೀದಿ ಕೇಂದ್ರ ತೆರೆದಿದೆಯೇ ವಿಚಾರಿಸಿ. ಅಲ್ಲಿ ನೋಂದಣಿಗೆ ಫ್ರೂಟ್ಸ್ ಐಡಿ (ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆ) ಬೇಕು, ಒಬ್ಬರಿಂದ ಇಷ್ಟೇ ಕ್ವಿಂಟಲ್ ಎಂಬ ಮಿತಿ ಇರುತ್ತದೆ, ದುಡ್ಡು ಕೈಗೆ ಬರಲು ದಿನ ಹಿಡಿಯುತ್ತದೆ. ಸಾಲದವನು ಬಾಗಿಲಲ್ಲಿ ನಿಂತಿದ್ದರೆ ಇದು ಆಗಿಬರುವುದಿಲ್ಲ. ಅದಕ್ಕೇ ನಾನು ಎಲ್ಲವನ್ನೂ ಒಂದೇ ಸಲ ಮಾರುವುದಿಲ್ಲ. ಕಿತ್ತ ಕೂಡಲೇ ಅರ್ಧ, ಸಾಲ ತೀರಿಸುವಷ್ಟು. ಬೀಜಕ್ಕೆ ತೆಗೆದಿಟ್ಟದ್ದು ಬಿಟ್ಟು ಉಳಿದದ್ದು ಗಾಣಕ್ಕೆ.

ಗಾಣ

ಒಂದು ಕ್ವಿಂಟಲ್ ಕಾಯಿ ಸುಲಿದರೆ 70 ಕಿಲೋ ಕಾಳು. ಕಾಳಿನಲ್ಲಿ ಎಣ್ಣೆ ಶೇ. 45ರ ಮೇಲೆ ಇರುತ್ತದೆ, ಆದರೆ ಊರ ಗಾಣದಲ್ಲಿ ಶೇ. 40 ಇಳಿದರೆ ಒಳ್ಳೆಯದು. ಅಂದರೆ 28 ಕಿಲೋ ಎಣ್ಣೆ, ಲೀಟರ್ ಲೆಕ್ಕದಲ್ಲಿ ಸುಮಾರು 30. ಹಿಂಡಿ 40 ಕಿಲೋ ಆಸುಪಾಸು.

ಒಂದು ಲೆಕ್ಕ ಹಾಕೋಣ. ಎಣ್ಣೆ ಲೀಟರಿಗೆ 280 ರೂಪಾಯಿ, ಹಿಂಡಿ ಕಿಲೋಗೆ 40 ರೂಪಾಯಿ ಸಿಕ್ಕಿತು ಅಂದುಕೊಳ್ಳಿ. 8,400 ಮತ್ತು 1,600 ಸೇರಿ 10,000. ಸುಲಿಯುವ ಕೂಲಿ, ಗಾಣದ ಕೂಲಿ, ಬಾಟಲಿ, ಓಡಾಟ ಎಲ್ಲ ಕಳೆಯಿರಿ. 7,263 ರೂಪಾಯಿಗೆ ಕಾಯಿ ಮಾರುವುದಕ್ಕಿಂತ ಎಷ್ಟು ಜಾಸ್ತಿ ಉಳಿಯಿತು ಎಂದು ನಿಮ್ಮ ಊರಿನ ದರ ಹಾಕಿ ನೋಡಿ. ಖರ್ಚು 2,700 ದಾಟಿದರೆ ಈ ಕೆಲಸವೇ ಬೇಡ. ನೆಂಟರಿಗೆ ಪುಕ್ಕಟೆ ಕೊಟ್ಟ ಎಣ್ಣೆಯನ್ನೂ ಖರ್ಚಿಗೆ ಬರೆಯಿರಿ. ನಮ್ಮಲ್ಲಿ ಅದೇ ದೊಡ್ಡ ಖರ್ಚು.

ಮೊದಲ ವರ್ಷ ಗಾಣ ಕೊಳ್ಳಲು ಹೋಗಬೇಡಿ, ಬಾಡಿಗೆ ಗಾಣಕ್ಕೆ ಒಂದು ಕ್ವಿಂಟಲ್ ಹಾಕಿ. ಕಾಳು ಬಿಸಿಲಿಗೆ ಒಂದು ದಿನ ಹರಡಿ, ಕೆಟ್ಟದ್ದು ಆರಿಸಿ ಒಯ್ಯಿರಿ. ತಂದ ಎಣ್ಣೆಯನ್ನು ಸ್ಟೀಲ್ ಪಾತ್ರೆಯಲ್ಲಿ ನಾಲ್ಕೈದು ದಿನ ಅಲ್ಲಾಡಿಸದೆ ಇಟ್ಟು, ಮೇಲಿನ ತಿಳಿ ಮಾತ್ರ ಬಟ್ಟೆಯಲ್ಲಿ ಸೋಸಿ ತುಂಬಿ. ಬಾಟಲಿಯಲ್ಲಿ ಒಂದು ಹನಿ ನೀರಿದ್ದರೂ ಎಣ್ಣೆ ಕಮಟಾಗುತ್ತದೆ. ಬಿಸಿಲು ತಾಗದ ಕಡೆ ಇಡಿ.

ಹೊರಗಿನವರಿಗೆ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿ. ಅಡುಗೆ ಎಣ್ಣೆಯನ್ನು ಪ್ಯಾಕ್ ಮಾಡದೆ ಅಳೆದು ಕೊಡಲು ನಿಯಮ ಒಪ್ಪುವುದಿಲ್ಲ, ಚೀಟಿ ಅಂಟಿಸಿದ ಬಾಟಲಿಯೇ ಬೇಕು. ಸ್ವಸಹಾಯ ಸಂಘದವರು ಸೇರಿ ಸ್ವಂತ ಗಾಣ ಹಾಕುವುದಾದರೆ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಸಹಾಯಧನ ಸಿಗುತ್ತಿತ್ತು, ಈಗಲೂ ಇದೆಯೇ ವಿಚಾರಿಸಿ. ಅರ್ಜಿಗೆ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ತಿಂಗಳಿಗೆ ಎಷ್ಟು ಲೀಟರ್ ತೆಗೆದುಕೊಳ್ಳುವ ಮನೆಗಳು ನಿಮ್ಮ ಪಟ್ಟಿಯಲ್ಲಿವೆ? ನಮ್ಮ ಪಟ್ಟಿ ಹನ್ನೊಂದು ಮನೆಯಿಂದ ಶುರುವಾಯಿತು. ಅದರಲ್ಲಿ ಮೊದಲನೆಯದು ನಮ್ಮ ಮನೆಯೇ, ಪಾಮ್ ಎಣ್ಣೆ ಪ್ಯಾಕೆಟ್ ನಿಂತದ್ದು ಆ ತಿಂಗಳು.